ದೊಡ್ಡಮ್ಮ ಪಾಸು ಮಾಡಿದ ಇಂಗ್ಲೆಂಡಿನ ಬ್ಯಾಂಡು

ಇಂಗ್ಲೆಂಡಿನ ಒಂದು ಪಾಪ್ ಬ್ಯಾಂಡಿನ ಹಾಡುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ನೂರಕ್ಕೆ ಅರವತ್ತೆರಡು ಅಂಕ ಕೊಟ್ಟು, ಕೆಳಗೆ ‘ವ್ಯಾಕರಣ ಸುಧಾರಿಸಬೇಕು’ ಎಂದು ಷರಾ ಬರೆದು, ಅದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಲಂಡನ್ನಿಗೆ ಕಳಿಸಿದ ವ್ಯಕ್ತಿ ಬೆಳ್ತಂಗಡಿ ತಾಲೂಕಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ದೊಡ್ಡಮ್ಮ. ಇಡೀ ಜಗತ್ತಿನಲ್ಲೇ ಒಬ್ಬರು ಎನ್ನಬಹುದಿತ್ತು. ಆದರೆ ಜಗತ್ತು ದೊಡ್ಡದು, ನಿವೃತ್ತ ಟೀಚರುಗಳೂ ಬಹಳ ಮಂದಿ ಇದ್ದಾರೆ. ಸುಮ್ಮನೆ ಯಾಕೆ ರಿಸ್ಕು!

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮನೆ ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ. ಮೂವತ್ತಮೂರು ವರ್ಷ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಅವರ ಮಟ್ಟಿಗೆ ಇಂಗ್ಲಿಷ್ ಎನ್ನುವುದು ಮಾತಾಡುವ ಭಾಷೆಯಲ್ಲ, ತಿದ್ದುವ ಭಾಷೆ. ಯಾರಾದರೂ ಮದುವೆ ಕಾಗದ ಕೊಡಲು ಬಂದರೆ ಅವರನ್ನು ಕೂರಿಸಿ, ಕಾಫಿ ಕೊಟ್ಟು, ಅವರ ಎದುರಿಗೇ ಕಾಗದದ ಇಂಗ್ಲಿಷ್ ಭಾಗವನ್ನು ತಿದ್ದಿ, “ಇದನ್ನು ಇನ್ನೊಮ್ಮೆ ಸರಿಯಾಗಿ ಬರ್ಕೊಂಡು ಬನ್ನಿ” ಎಂದು ವಾಪಸು ಕೊಡುತ್ತಿದ್ದರು. ಈ ಕಾರಣದಿಂದ ನಮ್ಮ ಕುಟುಂಬಕ್ಕೆ ತಪ್ಪಿಹೋದ ಮದುವೆ ಊಟಗಳು ಒಂದೆರಡಲ್ಲ. ದೊಡ್ಡಪ್ಪ ಬದುಕಿದ್ದಷ್ಟು ಕಾಲವೂ ಮಾತು ಕಡಿಮೆ. ಸ್ವಭಾವವೇ ಹಾಗೆಂದು ಊರವರು ತಿಳಿದಿದ್ದರು. ತಪ್ಪಾಗುವ ಸಂದರ್ಭಗಳನ್ನೇ ಅವರು ಕಡಿಮೆ ಮಾಡಿಕೊಂಡಿದ್ದರು ಎಂಬುದು ನಮಗೆ ಮಾತ್ರ ಗೊತ್ತಿತ್ತು.

ನಿವೃತ್ತಿಯ ಮೇಲೂ ದೊಡ್ಡಮ್ಮ ಸುಮ್ಮನೆ ಕೂರಲಿಲ್ಲ. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಫೇಲಾದವರಿಗೆ ಸಂಜೆ ಮನೆಯ ಜಗಲಿಯಲ್ಲಿ ಪುಕ್ಕಟೆ ಪಾಠ ಶುರು ಮಾಡಿದರು. ಫೇಲಾದವರಿಗೆ ಮಾತ್ರ. ಒಮ್ಮೆ ಒಬ್ಬರು ತಮ್ಮ ಮಗಳನ್ನು ಕರೆತಂದು, ಎಂಬತ್ತು ಬಂದಿದೆ, ತೊಂಬತ್ತು ಬರುವ ಹಾಗೆ ಮಾಡಬೇಕು ಎಂದು ಕೇಳಿಕೊಂಡರು. ದೊಡ್ಡಮ್ಮ ಆ ಹುಡುಗಿಯನ್ನು ಮರುಕದಿಂದ ನೋಡಿ, “ಇವಳಿಗೆ ನಾನೆಂತ ಮಾಡ್ಲಿಕ್ಕುಂಟು? ಫೇಲಾದ ಮೇಲೆ ಕರ್ಕೊಂಡು ಬನ್ನಿ, ನೋಡುವ” ಎಂದರು.

ನಾನು ಹೇಳಹೊರಟ ವರ್ಷ ಜಗಲಿಯಲ್ಲಿ ಆರು ಮಂದಿ ಇದ್ದರು. ಐದು ಮಂದಿ ಹದಿನಾರು ಹದಿನೇಳರ ಮಕ್ಕಳು. ಆರನೆಯವರು ಗುಲಾಬಕ್ಕ, ವಯಸ್ಸು ನಲವತ್ತೊಂದು. ಹತ್ತಿರದ ಅಂಗನವಾಡಿಯಲ್ಲಿ ಸಹಾಯಕಿ. ಕಸ ಗುಡಿಸುವುದು, ಮಕ್ಕಳಿಗೆ ಉಪ್ಪಿಟ್ಟು ಮಾಡುವುದು, ಮೂಗು ಒರೆಸುವುದು ಅವರ ಕೆಲಸ. ಎಸ್ಸೆಸ್ಸೆಲ್ಸಿ ಆಗಿಬಿಟ್ಟರೆ ಮುಂದೊಂದು ದಿನ ಅಂಗನವಾಡಿ ಟೀಚರ್ ಆಗುವ ದಾರಿ ತೆರೆಯುತ್ತದೆ, ಇಲ್ಲದಿದ್ದರೆ ಕೊನೆಯವರೆಗೆ ಗುಡಿಸುವ ಹಿಡಿಸೂಡಿಯೇ ಗತಿ. ಗಣಿತ, ವಿಜ್ಞಾನ ಎಲ್ಲವನ್ನೂ ಅವರು ಒಂದೇ ಏಟಿಗೆ ಪಾಸು ಮಾಡಿದ್ದರು. ಇಂಗ್ಲಿಷಿನಲ್ಲಿ ಮಾತ್ರ ಮೂರು ಸಲ ಫೇಲು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇರುವುದರಿಂದ ಅವರ ಪರೀಕ್ಷೆಯ ಅರ್ಜಿ ತುಂಬುವುದೂ ಫಲಿತಾಂಶ ನೋಡುವುದೂ ನಾನೇ. ಮೂರು ಸಲವೂ ಕೆಟ್ಟ ಸುದ್ದಿ ಹೇಳಿದ ಬಾಯಿ ನನ್ನದೇ.

ಮೂರನೆಯ ಸಲ ಫೇಲಾದ ಮೇಲೆ ದೊಡ್ಡಮ್ಮ ಎರಡು ದಿನ ಯಾರ ಕಾಗದವನ್ನೂ ತಿದ್ದಲಿಲ್ಲ. ಮೂರನೆಯ ದಿನ ನನಗೆ ಫೋನು ಬಂತು.

“ಕಿವಿಗೆ ಇಂಗ್ಲಿಷ್ ಬೀಳದೆ ಕೈಗೆ ಬರುವುದಿಲ್ಲ ಮಾರಾಯ. ನನ್ನ ಹತ್ರ ಹಳೆ ಪಾಠದ ಕ್ಯಾಸೆಟ್‌ಗಳು ಉಂಟು. ಒಂದು ಟೇಪ್ ರೆಕಾರ್ಡರ್ ಬೇಕು. ನಾಳೆ ಬಂಟ್ವಾಳಕ್ಕೆ ಬರ್ತೇನೆ, ಹುಡುಕುವ.”

ಈ ಕಾಲದಲ್ಲಿ ಟೇಪ್ ರೆಕಾರ್ಡರ್ ಎಲ್ಲಿ ಸಿಗಬೇಕು? ಪೇಟೆಯಿಡೀ ಸುತ್ತಿ ಕೊನೆಗೆ ಒಂದು ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಎರಡು ಗ್ರೈಂಡರುಗಳ ನಡುವೆ ಒಂದು ಕಂಡಿತು.

“ಇದು ಹಾಡ್ತದಾ?” ದೊಡ್ಡಮ್ಮ ಕೇಳಿದರು.

“ಹಾಡ್ತದೆ ಟೀಚರೇ. ನಿಲ್ಲಿಸ್ಲಿಕ್ಕೆ ಮಾತ್ರ ಸ್ವಲ್ಪ ಕಷ್ಟ,” ಎಂದರು ಗುಜರಿಯವರು.

“ಒಳಗೆ ಒಂದು ಕ್ಯಾಸೆಟ್ ಉಂಟಲ್ಲ?”

“ಉಂಟು. ಅದು ಹೊರಗೆ ಬರುವುದಿಲ್ಲ. ನಾನು ಎಳೆದಿದ್ದೇನೆ, ನನ್ನ ತಮ್ಮನೂ ಎಳೆದಿದ್ದಾನೆ. ನೆರೆಯಲ್ಲಿ ಒಮ್ಮೆ ಮುಳುಗಿ ಎದ್ದ ಸೆಟ್ಟು ಇದು. ನೀರು ಬಂತು, ಕೆಸರು ಬಂತು, ಒಂದು ಮೀನೂ ಬಂತು. ಕ್ಯಾಸೆಟ್ ಮಾತ್ರ ಬರ್ಲಿಲ್ಲ.”

“ಎಂತದ್ದು ಕ್ಯಾಸೆಟ್?”

“ಇಂಗ್ಲಿಷ್.”

ಗುಜರಿಯವರು ಬೇರೆ ಏನೂ ಹೇಳಬೇಕಾಗಿರಲಿಲ್ಲ. ದೊಡ್ಡಮ್ಮ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬೆಳ್ತಂಗಡಿ ಬಸ್ಸು ಹತ್ತಿಯಾಗಿತ್ತು.

ಮಾರನೆಯ ಸಂಜೆ ನಾನೂ ಕುತೂಹಲಕ್ಕೆ ಲಾಯಿಲಕ್ಕೆ ಹೋದೆ. ಜಗಲಿಯಲ್ಲಿ ಆರು ಮಂದಿ ಪುಸ್ತಕ ಹಿಡಿದು ಕುಳಿತಿದ್ದರು. ದೊಡ್ಡಮ್ಮ ಗುಂಡಿ ಒತ್ತಿದರು. ಬಾವಿಯೊಳಗಿನಿಂದ ಯಾರೋ ಆಕಳಿಸುತ್ತಿರುವಂತೆ ಒಂದು ಗಡಸು ಧ್ವನಿ ನಿಧಾನವಾಗಿ ಮೇಲೆ ಬಂತು. ಹಿಂದೆ ಡ್ರಮ್ಮು, ಒಬ್ಬರು ಸುಸ್ತಾಗಿ ಮೆಟ್ಟಿಲು ಹತ್ತುವ ಹಾಗೆ ಒಂದೊಂದೇ ಏಟು. ನಾನು ಪೆಟ್ಟಿಗೆಯ ಗಾಜಿನ ಕಿಂಡಿಯಲ್ಲಿ ಇಣುಕಿ, ಕ್ಯಾಸೆಟ್ಟಿನ ಹೆಸರು ಓದಿ, ಮೊಬೈಲಿನಲ್ಲಿ ಹುಡುಕಿದೆ. ಬ್ಯಾಂಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿನ ಕಾಗುಣಿತವೇ ತಪ್ಪು ಎಂದು ದೊಡ್ಡಮ್ಮ ಆಮೇಲೆ ತೀರ್ಮಾನಿಸಿದ್ದಾರೆ.

“ಇಂಗ್ಲೆಂಡಿನ ಬ್ಯಾಂಡು ದೊಡ್ಡಮ್ಮ. ಮೂರು ಗಂಡಸರು, ಒಬ್ಬಳು ಹೆಂಗಸು. ಇದು ಅವರ ಎರಡನೆಯ ಆಲ್ಬಮ್. ಮೊದಲಿನದ್ದನ್ನು ಯಾರೂ ಕೊಳ್ಳಲಿಲ್ಲವಂತೆ. ಕಂಪನಿಯವರು ಇನ್ನು ಮನೆಗೆ ಹೋಗಿ ಅಂದರಂತೆ. ಇವರು ಇನ್ನೊಂದು ಅವಕಾಶ ಕೊಡಿ ಅಂತ ಕೇಳಿಕೊಂಡು ಇದನ್ನು ಮಾಡಿದರು. ಇದು ಲೋಕವಿಡೀ ಹೆಸರಾಯಿತು.”

ದೊಡ್ಡಮ್ಮ ಕನ್ನಡಕ ತೆಗೆದರು. “ಮೊದಲಿನದ್ದು ಫೇಲಾ?”

“ಫೇಲು ಅಂತಲ್ಲ. ಓಡಲಿಲ್ಲ.”

“ಓಡದಿದ್ದರೆ ಅದು ಫೇಲೇ. ಎರಡನೆಯ ಸಲ ಪಾಸು?”

“ಹೌದು.”

“ಹಾಗಾದ್ರೆ ಇವರು ಸಪ್ಲಿಮೆಂಟರಿಯವರು,” ಎಂದ ದೊಡ್ಡಮ್ಮ ಜಗಲಿಯ ಕಡೆ ತಿರುಗಿ, “ಕೇಳಿದಿರಾ? ಇವರು ನಮ್ಮವರೇ” ಎಂದರು. ಅಂದಿನಿಂದ ಆ ಬ್ಯಾಂಡಿನ ನಾಲ್ವರೂ ದೊಡ್ಡಮ್ಮನ ವಿದ್ಯಾರ್ಥಿಗಳಾದರು. ‘ಆ ಮಕ್ಕಳು’ ಎಂದೇ ಕರೆಯತೊಡಗಿದರು. ಆ ಮಕ್ಕಳಿಗೆ ಈಗ ಮೊಮ್ಮಕ್ಕಳಿದ್ದಾರೆ ಎಂದು ನಾನು ಹೇಳಹೋಗಲಿಲ್ಲ. ಫೋಟೋದಲ್ಲಿದ್ದ ಹೆಂಗಸನ್ನು ಮಾತ್ರ ಸ್ವಲ್ಪ ಹೊತ್ತು ನೋಡಿ, “ಇವಳು ಹಾರ್ಮೋನಿಯಂ ಬಾರಿಸುವವಳಿರಬೇಕು” ಎಂದರು.

ಮೂರು ತಿಂಗಳಲ್ಲಿ ಪರೀಕ್ಷೆ. ಪ್ರತಿ ಸಂಜೆ ಒಂದು ಹಾಡು. ದೊಡ್ಡಮ್ಮ ಒಂದು ಸಾಲು ಕೇಳಿಸುವುದು, ಪೆಟ್ಟಿಗೆಯ ತಲೆಗೆ ಬಡಿದು ನಿಲ್ಲಿಸುವುದು, ಮಕ್ಕಳು ಬರೆದುಕೊಳ್ಳುವುದು, ದೊಡ್ಡಮ್ಮ ಅದನ್ನು ತಿದ್ದುವುದು. ಮಕ್ಕಳು ಬರೆದದ್ದನ್ನಲ್ಲ, ಬ್ಯಾಂಡು ಹಾಡಿದ್ದನ್ನು!

ಎರಡನೆಯ ಹಾಡಿನಲ್ಲಿ ದೊಡ್ಡ ಗಲಾಟೆಯಾಯಿತು. ‘ಐ ಏಂಟ್ ಗಾಟ್ ನೋ ಅಂಬ್ರೆಲಾ’ ಎಂದು ಆ ಗಡಸು ಧ್ವನಿ ನಾಲ್ಕು ಸಲ ಗೋಳಾಡುತ್ತದೆ. ಕೊಡೆಯಿಲ್ಲದೆ ಮಳೆಯಲ್ಲಿ ನಿಂತವನ ದುಃಖ. ದೊಡ್ಡಮ್ಮನ ಮುಖ ಕೆಂಪಾಯಿತು.

“ಎರಡು ನಿಷೇಧ ಒಟ್ಟಿಗೆ ಬಂದರೆ ಎಂತ ಆಗ್ತದೆ? ಗುಲಾಬಿ, ನೀನು ಹೇಳು.”

“ಉಂಟು ಅಂತ ಆಗ್ತದೆ ಟೀಚರೇ,” ಗುಲಾಬಕ್ಕ ಎದ್ದು ನಿಂತು ಹೇಳಿದರು.

“ಅಂದ್ರೆ ಅವನ ಹತ್ರ ಕೊಡೆ ಉಂಟು. ಕೊಡೆ ಇಟ್ಕೊಂಡು ಯಾಕೆ ಒದ್ದೆ ಆಗ್ತಾನೆ?”

ಜಗಲಿ ಗಂಭೀರವಾಯಿತು. ಕೊನೆಗೆ ಗುಲಾಬಕ್ಕನೇ, “ಬಸ್ಸಿನಲ್ಲಿ ಬಿಟ್ಟು ಬಂದಿರಬೇಕು” ಎಂದರು. ದೊಡ್ಡಮ್ಮ ಆ ಉತ್ತರಕ್ಕೆ ಒಂದು ಅಂಕ ಕೊಟ್ಟರು.

ಹನ್ನೊಂದು ಹಾಡುಗಳನ್ನು ಹೀಗೆ ತಿದ್ದಿ ಮುಗಿದಾಗ ಮೂವತ್ತೆಂಟು ತಪ್ಪುಗಳು ಸಿಕ್ಕಿದ್ದವು. ತಪ್ಪು ಒಂದಕ್ಕೆ ಒಂದು ಅಂಕ ಕಳೆದು ಅರವತ್ತೆರಡು. ಅದನ್ನೇ ಅವರು ಲಂಡನ್ನಿಗೆ ಕಳಿಸಿದ್ದು. ಅಂಚೆ ಕಚೇರಿಯಲ್ಲಿ ಕುಳಿತವರು ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, “ಒಳಗೆ ಎಂತ ಉಂಟು ಟೀಚರೇ? ಬರೆಯಬೇಕಾಗ್ತದೆ” ಎಂದು ಕೇಳಿದರಂತೆ.

“ಉತ್ತರಪತ್ರಿಕೆ,” ಎಂದರು ದೊಡ್ಡಮ್ಮ.

ಎರಡು ತಿಂಗಳಿಗೆ ಲಕೋಟೆ ವಾಪಸು ಬಂತು, ಆ ವಿಳಾಸದಲ್ಲಿ ಯಾರೂ ಇಲ್ಲವೆಂಬ ಚೀಟಿಯೊಂದಿಗೆ. ದೊಡ್ಡಮ್ಮನಿಗೆ ಬೇಸರವೇನೂ ಆಗಲಿಲ್ಲ. “ಪಾಸಾದ ಮೇಲೆ ಯಾರು ಟೀಚರಿಗೆ ವಿಳಾಸ ಕೊಡ್ತಾರೆ?” ಎಂದು ಅದನ್ನು ಟ್ರಂಕಿಗೆ ಹಾಕಿದರು. ಅದಕ್ಕಿಂತ ಮೊದಲು ಚೀಟಿಯಲ್ಲಿದ್ದ ಒಂದು ಅಲ್ಪವಿರಾಮವನ್ನು ಸರಿಮಾಡಿದರು.

ಅಷ್ಟರಲ್ಲಿ ಊರಲ್ಲಿ ಮಾತು ಹಬ್ಬಿತ್ತು. ಒಬ್ಬ ಹುಡುಗಿಯ ತಂದೆ, ಬೆಳ್ತಂಗಡಿಯಲ್ಲಿ ಹೋಟೆಲಿರುವವರು, ದೂರು ಹೇಳಲು ಬಂದರು.

“ಟೀಚರೇ, ಬೇಜಾರು ಮಾಡ್ಬೇಡಿ. ನಾವು ಮಗಳನ್ನು ಪಾಸಾಗ್ಲಿಕ್ಕೆ ಕಳಿಸಿದ್ದು. ಅವಳು ಮನೆಯಲ್ಲಿ ಕಣ್ಣು ಮುಚ್ಚಿಕೊಂಡು ಗಂಡಸರ ಸ್ವರದಲ್ಲಿ ಹಾಡ್ತಾಳೆ. ಮೊನ್ನೆ ನೆಂಟರೊಬ್ಬರು ಫೋನಿನಲ್ಲಿ ಕೇಳಿ, ಯಾರಿಗೆ ಹುಷಾರಿಲ್ಲ ಅಂತ ವಿಚಾರಿಸಿದರು.”

“ಹಾಡಿನಲ್ಲಿ ತಪ್ಪು ಮಾಡ್ತಾಳಾ?”

“ಅದು ನನಗೆ ಹೇಗೆ ಗೊತ್ತಾಗಬೇಕು?”

“ಹಾಗಾದ್ರೆ ನೀವೂ ನಾಳೆಯಿಂದ ಬನ್ನಿ,” ಎಂದರು ದೊಡ್ಡಮ್ಮ. ಆ ಮಹನೀಯರು ಆಮೇಲೆ ಲಾಯಿಲದ ದಾರಿಯಲ್ಲೇ ಕಾಣಿಸಲಿಲ್ಲ.

ನಿಜವಾದ ತೊಂದರೆ ತಂದದ್ದು ಗುಲಾಬಕ್ಕ. ಒಂದು ಸಂಜೆ ಪುಸ್ತಕ ಮುಚ್ಚಿಟ್ಟು ಮೆಲ್ಲಗೆ ಹೇಳಿದರು: “ಟೀಚರೇ, ಆ ಮಕ್ಕಳದ್ದು ಎರಡನೆಯದ್ದು. ಈ ಐದು ಮಕ್ಕಳದ್ದೂ ಎರಡನೆಯದ್ದು. ನನ್ನದು ನಾಲ್ಕನೆಯದ್ದು. ನಾಲ್ಕನೆಯದ್ದರಲ್ಲಿ ಪಾಸಾದವರು ಯಾರಾದ್ರೂ ಇದ್ದಾರಾ? ನಾನು ಇಲ್ಲಿಗೆ ಬಿಡ್ತೇನೆ.”

ಪ್ರಶ್ನೆ ಸಣ್ಣದಲ್ಲ. ದೊಡ್ಡಮ್ಮನ ಸಿದ್ಧಾಂತದ ಬುಡಕ್ಕೇ ಬಿದ್ದ ಏಟು ಅದು. ಅವರು ಎದ್ದು ಅಂಗಳಕ್ಕೆ ಹೋಗಿ, ದಾಸವಾಳದ ಗಿಡದ ಹತ್ತಿರ ನಿಂತು, ವಾಪಸು ಬಂದು ಕೇಳಿದರು.

“ಒಂದು ಆಲ್ಬಮ್‌ನಲ್ಲಿ ಎಷ್ಟು ಹಾಡಿರ್ತದೆ?”

“ಹತ್ತು, ಹನ್ನೊಂದು.”

“ನಿನ್ನದು ಮೂರೇ ಹಾಡಾದದ್ದು. ಮೂರು ಸೇರಿ ಒಂದು ಆಲ್ಬಮ್. ಅದು ಮೊದಲಿನದ್ದು, ಓಡಲಿಲ್ಲ. ಈಗ ಬರುವುದು ಎರಡನೆಯದ್ದು. ಪುಸ್ತಕ ತೆಗೆ.”

ಗುಲಾಬಕ್ಕ ಪುಸ್ತಕ ತೆಗೆದರು.

ಪರೀಕ್ಷೆಗೆ ಹತ್ತು ದಿನವಿರುವಾಗ ಪೆಟ್ಟಿಗೆ ಟೇಪನ್ನು ನುಂಗಿತು. ಕಿಂಡಿಯಿಂದ ಕಂದು ಬಣ್ಣದ ನೂಲು ಶ್ಯಾವಿಗೆಯ ಹಾಗೆ ಹೊರಗೆ ಬಂತು. ಮೊಬೈಲಿನಲ್ಲೇ ಹಾಕಿ ಕೊಡುತ್ತೇನೆಂದರೆ ದೊಡ್ಡಮ್ಮ ಒಪ್ಪಲಿಲ್ಲ. ಪುಸ್ತಕ ಬದಲಾಯಿಸಿದರೆ ಗುಲಾಬಿ ಗಲಿಬಿಲಿಯಾಗುತ್ತಾಳಂತೆ. ಮೂಡಬಿದಿರೆಯಲ್ಲಿ ಹಳೆಯ ರೇಡಿಯೊ ಸರಿಮಾಡುವ ಮುದುಕರೊಬ್ಬರಿದ್ದಾರೆಂದು ಯಾರೋ ಹೇಳಿದ್ದರಿಂದ ಇಬ್ಬರೂ ಪೆಟ್ಟಿಗೆ ಹೊತ್ತುಕೊಂಡು ಅಲ್ಲಿಗೆ ಹೋದೆವು.

ಮುದುಕರು ಪೆಟ್ಟಿಗೆ ಬಿಚ್ಚಿ, ಪೆನ್ಸಿಲಿನಿಂದ ನೂಲು ಸುತ್ತಿ, ತುಂಡಾದಲ್ಲಿ ಅಂಟಿಸಿ, ಒಂದು ಗಂಟೆಯಲ್ಲಿ ಕೆಲಸ ಮುಗಿಸಿದರು.

“ಇದರ ಬೆಲ್ಟ್ ಸಡಿಲ ಆಗಿತ್ತು ಟೀಚರೇ. ಓಡುವುದು ನಿಧಾನ ಆಗ್ತಿತ್ತು. ಹೊಸ ಬೆಲ್ಟ್ ಹಾಕಿದ್ದೇನೆ. ಈಗ ಕೇಳಿ.”

ಗುಂಡಿ ಒತ್ತಿದರು. ಡ್ರಮ್ಮು ಕುದುರೆಯಂತೆ ಓಡಿತು. ಅದರ ಮೇಲೆ ಹೆಣ್ಣಿನ ಧ್ವನಿಯೊಂದು, ಸಣ್ಣದು, ಚುರುಕಿನದು, ಹಾರಿಕೊಂಡು ಬಂತು.

“ಇದು ಯಾರು?” ಎಂದರು ದೊಡ್ಡಮ್ಮ.

“ಹಾಡುವವಳು.”

“ಹಾಡುವವನು ಎಲ್ಲಿ ಹೋದ?”

“ಅವನು ಇರ್ಲೇ ಇಲ್ಲ ಟೀಚರೇ. ಇವಳೇ ಅವನು.”

ದೊಡ್ಡಮ್ಮ ಸ್ಟೂಲಿನ ಮೇಲೆ ಕುಳಿತರು. ಮೂರು ತಿಂಗಳು ಕೊಡೆಯಿಲ್ಲದೆ ನೆನೆದ ಗಂಡಸು ಕಣ್ಣೆದುರೇ ಇಲ್ಲವಾಗಿದ್ದ. ನಾನು ಸಮಾಧಾನ ಹೇಳಬೇಕೆನ್ನುವಷ್ಟರಲ್ಲಿ ಅವರೇ ಚೇತರಿಸಿಕೊಂಡರು. “ಹಳೆ ಬೆಲ್ಟ್ ಉಂಟಲ್ಲ? ಅದನ್ನೇ ವಾಪಸು ಹಾಕಿ. ಈ ಸ್ಪೀಡಿನಲ್ಲಿ ಗುಲಾಬಿಗೆ ಒಂದು ಶಬ್ದವೂ ಅರ್ಥ ಆಗ್ಲಿಕ್ಕಿಲ್ಲ.”

ಮುದುಕರು ಕೈಯಲ್ಲಿದ್ದ ತಿರುಪುಳಿಯನ್ನು ಕೆಳಗಿಟ್ಟರು. “ನಲವತ್ತು ವರ್ಷದಿಂದ ಈ ಅಂಗಡಿಯಲ್ಲಿ ಕೂತಿದ್ದೇನೆ. ಸರಿಯಾದದ್ದನ್ನು ಹಾಳು ಮಾಡಿ ಕೊಡಿ ಅಂದವರು ನೀವೇ ಮೊದಲು.”

ವಾಪಸು ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬೆಳ್ತಂಗಡಿ ಹತ್ತಿರ ಬಂದಾಗ, “ನಾಳೆ ನೋಟ್ಸಿನಲ್ಲಿ ‘ಹೀ’ ಇದ್ದಲ್ಲೆಲ್ಲ ‘ಶೀ’ ಮಾಡಿಸಬೇಕು” ಎಂದರು. ಮತ್ತೆ ಸ್ವಲ್ಪ ಯೋಚಿಸಿ, “ರೆಕಾರ್ಡ್ ಮಾಡುವಾಗ ಅವಳಿಗೆ ಶೀತ ಆಗಿರಬೇಕು” ಎಂದು ಸೇರಿಸಿದರು.

ಇಂಗ್ಲಿಷ್ ಪರೀಕ್ಷೆಯ ದಿನ ದೊಡ್ಡಮ್ಮ ಕೇಂದ್ರದ ಗೇಟಿನೆದುರು ಬಿಸಿಲಲ್ಲಿ ನಿಂತುಬಿಟ್ಟರು. ಕಾವಲಿಗಿದ್ದ ಪೊಲೀಸಿನವರು, “ಇಲ್ಲಿ ನಿಲ್ಲುವ ಹಾಗಿಲ್ಲ ಅಮ್ಮ” ಎಂದವರು ಮುಖ ನೋಡಿ ತಡವರಿಸಿದರು, ಹಳೆಯ ವಿದ್ಯಾರ್ಥಿ. ದೊಡ್ಡಮ್ಮ ಅವರಿಗೆ ಒಂದು ಕ್ರಿಯಾಪದದ ಭೂತಕಾಲದ ರೂಪ ಕೇಳಿದರು. ಉತ್ತರ ನೆನಪಾಗದೆ ಪೊಲೀಸಿನವರೇ ಇಪ್ಪತ್ತು ಮಾರು ದೂರ ಹೋಗಿ ನಿಂತರು.

ಮಧ್ಯಾಹ್ನ ಗುಲಾಬಕ್ಕ ಹೊರಗೆ ಬಂದರು. ಸೆರಗಿನ ತುದಿ ಬೆವರಿಗೆ ಒದ್ದೆ.

“ಪ್ರಬಂಧ ಎಂತ ಬಂತು?”

“ಸ್ವಚ್ಛತೆ, ಟೀಚರೇ.”

“ಬರೆದಿಯಾ?”

“ನನಗೆ ಬರುವುದು ಆ ಮಕ್ಕಳ ಕಥೆ ಒಂದೇ. ಅದನ್ನೇ ಬರೆದೆ.”

“ಸ್ವಚ್ಛತೆಗೆ?”

“ಅವರ ಮೊದಲಿನ ಆಲ್ಬಮ್ ಸೋತಿತು, ಯಾಕಂದ್ರೆ ಅವರ ಊರಿನಲ್ಲಿ ಸ್ವಚ್ಛತೆ ಇರ್ಲಿಲ್ಲ. ಆಮೇಲೆ ಅವರು ನಾಲ್ಕು ಮಂದಿ ಸೇರಿ ರಸ್ತೆ ಗುಡಿಸಿದರು, ಚರಂಡಿ ಸ್ವಚ್ಛ ಮಾಡಿದರು. ಎರಡನೆಯ ಆಲ್ಬಮ್ ಗೆದ್ದಿತು. ಹಾಗೆ ಬರೆದೆ.”

ನಾನು ನಗು ತಡೆಯಲು ಆ ಕಡೆ ತಿರುಗಿದೆ. ದೊಡ್ಡಮ್ಮ ನಗಲಿಲ್ಲ. “ಚರಂಡಿಗೆ ಇಂಗ್ಲಿಷಿನಲ್ಲಿ ಎಂತ ಬರೆದಿ?” ಎಂದು ಕೇಳಿದರು. ಗುಲಾಬಕ್ಕ ಹೇಳಿದ ಶಬ್ದ ಸರಿಯಿತ್ತು.

ಫಲಿತಾಂಶ ಬಂದ ದಿನ ಅಂಗಡಿಯಲ್ಲಿ ಜನವೋ ಜನ. ನಾನು ಎಲ್ಲರನ್ನೂ ನಿಲ್ಲಿಸಿ ಗುಲಾಬಕ್ಕನ ನಂಬರು ಹೊಡೆದೆ. ಇಂಗ್ಲಿಷ್ ಮೂವತ್ತೆಂಟು. ಪಾಸು. ಫೋನಿನಲ್ಲಿ ಹೇಳಿದರೆ ದೊಡ್ಡಮ್ಮ ನಂಬುವವರಲ್ಲ, ಕಾಗದ ತೋರಿಸು ಎನ್ನುತ್ತಾರೆ. ಪ್ರಿಂಟು ತೆಗೆದು, ಗುಲಾಬಕ್ಕನಿಗೂ ಫೋನು ಮಾಡಿ, ಅಂಗಡಿಯ ಬಾಗಿಲು ಎಳೆದು ಬಸ್ಸು ಹತ್ತಿದೆ.

ನಾನು ಲಾಯಿಲ ತಲಪುವ ಹೊತ್ತಿಗೆ ಗುಲಾಬಕ್ಕ ಅಂಗನವಾಡಿಯಿಂದ ನೇರ ಬಂದು ಅಂಗಳದಲ್ಲಿ ನಿಂತಿದ್ದರು. ಕೈಯಲ್ಲಿ ಇನ್ನೂ ರವೆಯ ಹುಡಿ. ದೊಡ್ಡಮ್ಮ ಕಾಗದವನ್ನು ಎರಡು ಸಲ ಓದಿದರು. ಕೆಂಪು ಪೆನ್ನಿಗೆ ಕೈ ಹೋಗಲಿಲ್ಲ. “ಕಾಫಿ ತರ್ತೇನೆ” ಎಂದು ಒಳಗೆ ಹೋದರು. ಹೋದವರು ಬರಲೇ ಇಲ್ಲ. ಒಲೆಯ ಸದ್ದೂ ಇಲ್ಲ, ಪಾತ್ರೆಯ ಸದ್ದೂ ಇಲ್ಲ. ನಾನು ನೋಡಿ ಬರಲು ಹೊರಟೆ.

“ಬೇಡ ಅಣ್ಣ,” ಎಂದರು ಗುಲಾಬಕ್ಕ. “ಅವರು ಅಳ್ತಾ ಇರ್ತಾರೆ.”

ದೊಡ್ಡಮ್ಮ ಅಳುವುದೇ? ದೊಡ್ಡಪ್ಪ ತೀರಿಕೊಂಡ ದಿನವೂ ಅವರು ಮರಣದ ಪ್ರಕಟಣೆಯ ಕಾಗುಣಿತ ನೋಡಿದವರು.

“ನಿಮಗೆ ಗೊತ್ತಿಲ್ಲವಾ?” ಗುಲಾಬಕ್ಕ ಜಗಲಿಯ ಕಂಬಕ್ಕೆ ಒರಗಿ ಹೇಳಿದರು. “ನಾನು ಒಂಬತ್ತನೆಯದ್ದರಲ್ಲಿ ಅವರ ಕ್ಲಾಸಿನಲ್ಲೇ ಇದ್ದದ್ದು. ಇಂಗ್ಲಿಷಿನಲ್ಲಿ ಪಾಸಾಗ್ಲಿಕ್ಕೆ ಎರಡು ಮಾರ್ಕು ಕಮ್ಮಿ ಆಯ್ತು. ನನ್ನ ಅಪ್ಪ ಬಂದು ಕೇಳಿದರು. ಟೀಚರ್ ಕೊಡ್ಲಿಲ್ಲ, ತಪ್ಪು ತಪ್ಪೇ ಅಂದರು. ಅಪ್ಪ ಮನೆಗೆ ಬಂದು ನನ್ನ ಮಡಿಲಿಗೆ ಬೀಡಿ ಕಟ್ಟುವ ಗೆರಸೆ ಇಟ್ಟರು. ಅಲ್ಲಿಗೆ ಶಾಲೆ ಮುಗೀತು.”

ಗುಲಾಬಕ್ಕ ಕೈಯ ರವೆಯ ಹುಡಿ ಕೊಡವಿಕೊಂಡು ಮುಂದುವರಿಸಿದರು.

“ಎರಡು ವರ್ಷದ ಹಿಂದೆ ಒಂದು ದಿನ ಟೀಚರ್ ಹುಡುಕಿಕೊಂಡು ಅಂಗನವಾಡಿಗೆ ಬಂದರು. ಮಕ್ಕಳ ಚಾಪೆಯಲ್ಲಿ ಕೂತರು. ಆ ಎರಡು ಮಾರ್ಕು ನಾನು ಕೊಡಬೇಕಿತ್ತು ಗುಲಾಬಿ, ಈಗ ಕೊಡುವ ಅಧಿಕಾರ ನನಗಿಲ್ಲ, ನೀನು ಬಾ, ಕಲಿಸ್ತೇನೆ ಅಂದರು. ನಾನು ಬರುವುದಿಲ್ಲ ಅಂದೆ. ಸಿಟ್ಟಿತ್ತು ನನಗೆ. ಮರುದಿನ ಮತ್ತೆ ಬಂದರು. ಹನ್ನೊಂದು ದಿನ ಬಂದರು ಅಣ್ಣ, ಆ ಬಿಸಿಲಿಗೆ, ನಡ್ಕೊಂಡು. ಕೊನೆಗೆ ನಮ್ಮ ಮಕ್ಕಳೇ ಅವರಿಗೆ ಉಪ್ಪಿಟ್ಟು ತಂದು ಕೊಡ್ಲಿಕ್ಕೆ ಶುರು ಮಾಡಿದರು. ಮತ್ತೆ ನಾನೆಂತ ಮಾಡುವುದು?”

ಒಳಗಿನಿಂದ ಹೆಜ್ಜೆಯ ಸದ್ದು ಕೇಳಿತು. ದೊಡ್ಡಮ್ಮ ತಟ್ಟೆಯಲ್ಲಿ ಮೂರು ಲೋಟ ಕಾಫಿ ತಂದರು. ಕಣ್ಣು ಕೆಂಪಾಗಿತ್ತು, ಮುಖ ತೊಳೆದು ಬಂದಿದ್ದರು. ಗುಲಾಬಕ್ಕ ಎಂದಿನಂತೆ ನೆಲದ ಮೇಲೆ ಕೂರಲು ಸೆರಗು ಸರಿಮಾಡಿಕೊಂಡರು. ದೊಡ್ಡಮ್ಮ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಪಾಠ ಹೇಳುವಾಗ ತಾವು ಕೂರುವ ಬೆತ್ತದ ಕುರ್ಚಿಯನ್ನು ಎಳೆದು, ಸೀರೆಯ ಸೆರಗಿನಿಂದ ಅದನ್ನು ಒರೆಸಿದರು.

“ಕೂತ್ಕೊಳ್ಳಿ ಟೀಚರೇ,” ಎಂದರು.

ಯಾರು ಬಂದರೆಂದು ಗುಲಾಬಕ್ಕ ಹಿಂತಿರುಗಿ ಗೇಟಿನ ಕಡೆ ನೋಡಿದರು.